ನಿಧಾನಕ್ಕೆ ಓದುವವರ ರ್ಯಾಕು

ಪುಸ್ತಕದ ಅಂಗಡಿ ಇಟ್ಟವನಿಗೆ ಜನ ಕೇಳುವ ಪ್ರಶ್ನೆಗಳು ಹೆಚ್ಚೂಕಮ್ಮಿ ಮೂರೇ. 'ಈಗ್ಲೂ ಜನ ಪುಸ್ತಕ ತಗೋತಾರಾ ಸರ್?' ಅನ್ನೋದು ಮೊದಲನೆಯದು. 'ಆನ್‌ಲೈನ್‌ನಲ್ಲಿ ಕಮ್ಮಿಗೆ ಸಿಗುತ್ತಲ್ಲ, ನಿಮ್ಮ ಹತ್ರ ಯಾಕೆ ಬರ್ತಾರೆ?' ಅನ್ನೋದು ಎರಡನೆಯದು. ಮೂರನೆಯದನ್ನು ಅಂಗಡಿಯೊಳಗೆ ಹತ್ತು ನಿಮಿಷ ಓಡಾಡಿದ ಮೇಲೆ, ಸ್ವಲ್ಪ ದನಿ ತಗ್ಗಿಸಿ, ಕಾಯಿಲೆಯವರ ಬಗ್ಗೆ ವಿಚಾರಿಸುವ ಹಾಗೆ ಕೇಳ್ತಾರೆ: 'ಕವಿತೆ ಪುಸ್ತಕ ಹೋಗುತ್ತಾ?'

ಮೊದಲೆರಡಕ್ಕೆ ನನ್ನ ಹತ್ತಿರ ರೆಡಿ ಉತ್ತರ ಇದೆ. ಮೂರನೆಯದಕ್ಕೆ ಉತ್ತರ ಸ್ವಲ್ಪ ಉದ್ದ.

ಲೆಕ್ಕದಿಂದಲೇ ಶುರು ಮಾಡ್ತೀನಿ. ನನ್ನ ಅಂಗಡಿ ಇರೋದು ಬಸವನಗುಡಿಯ ಒಂದು ಅಡ್ಡರಸ್ತೆಯಲ್ಲಿ. 350 ಚದರಡಿ, ತಿಂಗಳಿಗೆ 42 ಸಾವಿರ ಬಾಡಿಗೆ. ಕವಿತೆಯ ರ್ಯಾಕು, ಅದರ ಮುಂದೆ ಒಬ್ಬರು ನಿಂತು ಪುಟ ತಿರುವಿ ಹಾಕೋಕೆ ಬೇಕಾದ ಜಾಗ, ಎರಡೂ ಸೇರಿ 14 ಚದರಡಿ. ಅಂದ್ರೆ ಆ ರ್ಯಾಕಿನ ಪಾಲಿನ ಬಾಡಿಗೆ ತಿಂಗಳಿಗೆ 1,680 ರೂಪಾಯಿ. ಒಂದು ಕವನ ಸಂಕಲನದ ಬೆಲೆ 120 ರೂಪಾಯಿ ಅಂತ ಇಟ್ಟುಕೊಳ್ಳಿ. ನನಗೆ ಸಿಗೋ ಕಮಿಷನ್ನು ನೂರಕ್ಕೆ 35, ಅಂದ್ರೆ 42 ರೂಪಾಯಿ. ತಿಂಗಳಿಗೆ 40 ಸಂಕಲನ ಮಾರಿದರೆ ಆ ರ್ಯಾಕು ತನ್ನ ಬಾಡಿಗೆಯನ್ನು ತಾನೇ ಕಟ್ಟಿಕೊಂಡ ಹಾಗೆ. ಕರೆಂಟು, ಹುಡುಗನ ಸಂಬಳ ಇನ್ನೂ ಲೆಕ್ಕಕ್ಕೆ ಹಿಡಿದಿಲ್ಲ.

ಎರಡು ವರ್ಷದ ಹಿಂದೆ ಹೋಗ್ತಾ ಇದ್ದದ್ದು ತಿಂಗಳಿಗೆ ಹನ್ನೆರಡು. ಮಳೆ ಬಿದ್ದ ತಿಂಗಳು ಎಂಟು. ಉಳಿದ ಬಾಡಿಗೆ ಕಟ್ಟುತ್ತಿದ್ದವರು ತೇಜಸ್ವಿ. 'ಕರ್ವಾಲೋ' ಬಂದದ್ದು 1980ರಲ್ಲಿ. ಇವತ್ತಿಗೂ ಅದು ವಾರಕ್ಕೆ ನಾಲ್ಕೈದು ಪ್ರತಿ ಹೋಗದಿದ್ದರೆ ಊರಲ್ಲಿ ಏನೋ ಆಗಿದೆ ಅಂತ ನನಗೆ ಗಾಬರಿಯಾಗುತ್ತೆ. ಆ ಹಾರುವ ಓತಿ ನಲವತ್ತು ವರ್ಷದಿಂದ ಎಷ್ಟು ಜನ ಅಂಗಡಿಯವರ ಬಾಡಿಗೆ ಕಟ್ಟಿದೆಯೋ ದೇವರಿಗೇ ಗೊತ್ತು.

ಎರಡು ವರ್ಷದ ಹಿಂದೆ ಅಗ್ರಿಮೆಂಟ್ ರಿನ್ಯೂ ಆಗೋ ಹೊತ್ತಿಗೆ ನನ್ನ ಲೆಕ್ಕಪತ್ರ ನೋಡಿಕೊಳ್ಳೋ ಗೆಳೆಯ ಬಂದು ಕೂತ. ಪುಸ್ತಕಕ್ಕೆ ಜಿಎಸ್‌ಟಿ ಇಲ್ಲದಿದ್ದರೂ ಪೆನ್ನು, ಡೈರಿ ಅಂತ ಇದ್ದೇ ಇರುತ್ತಲ್ಲ, ಅವನಿಲ್ಲದೆ ನಡೆಯೋದಿಲ್ಲ. ಅಂಗಡಿಯನ್ನೊಮ್ಮೆ ಸುತ್ತು ಹಾಕಿ, ಕವಿತೆಯ ರ್ಯಾಕಿನ ಮುಂದೆ ನಿಂತು, 'ಇದನ್ನ ತೆಗೆದು ಕಾಫಿ ಮಗ್ಗು, ಬಟ್ಟೆ ಬ್ಯಾಗು ಇಡು ಮಾರಾಯ. ಬೇಕಾದ್ರೆ ಅದರ ಮೇಲೆ ಕವಿತೆ ಪ್ರಿಂಟ್ ಹಾಕಿಸು' ಅಂದ. ತಮಾಷೆಗೆ ಅಂದದ್ದಲ್ಲ. ಅವನ ಲೆಕ್ಕ ಸರಿಯಾಗೇ ಇತ್ತು.

ರ್ಯಾಕು ತೆಗೆಯೋದಾ ಬಿಡೋದಾ ಅಂತ ಯೋಚಿಸೋಕೆ ಮುಂಚೆ, ಆ ಪುಸ್ತಕಗಳು ಯಾಕೆ ಹೋಗ್ತಾ ಇಲ್ಲ ಅಂತ ನೋಡಬೇಕಿತ್ತು. ಕನ್ನಡದಲ್ಲಿ ಕವಿತೆ ಬರೆಯುವವರಿಗೆ ಬರ ಇಲ್ಲ, ಅದು ನಿಮಗೂ ಗೊತ್ತು. ಫೋನು ತೆಗೆದರೆ ಬೆಳಗಾಗೋದೇ ಕವಿತೆಯಿಂದ. ಓದುವವರಿಗೂ ಬರ ಇಲ್ಲ, ಲೈಕು ಒತ್ತುವವರೆಲ್ಲ ಓದುವವರೇ ಅಂತ ಒಪ್ಪಿಕೊಂಡರೆ. ಆದರೆ ಕವಿತೆ ಪುಸ್ತಕವಾಗುವ ದಾರಿಯಲ್ಲಿ ಓದುಗ ಅನ್ನುವವನು ಸಿಗೋದೇ ಇಲ್ಲ. ಆ ದಾರಿ ಹೀಗಿದೆ.

ಹಿಂದೆ ಕನ್ನಡದಲ್ಲಿ ಯಾವ ಪುಸ್ತಕವಾದರೂ ಸಾವಿರ ಪ್ರತಿ ಅಚ್ಚು ಹಾಕೋದು ರೂಢಿ. ಈಗ ಡಿಜಿಟಲ್ ಮುದ್ರಣ ಬಂದು ನೂರು ಇನ್ನೂರಕ್ಕೂ ಇಳಿದಿದೆ. ಅಚ್ಚಾದದ್ದು ಎಲ್ಲಿಗೆ ಹೋಗುತ್ತೆ? ಒಂದು ಪಾಲು ಸಾರ್ವಜನಿಕ ಗ್ರಂಥಾಲಯಗಳ ಸಗಟು ಖರೀದಿಗೆ. ಆಯ್ಕೆಯಾದರೆ ಸಾಮಾನ್ಯವಾಗಿ 300 ಪ್ರತಿ, ಪುಟಕ್ಕೆ ಇಷ್ಟು ಅನ್ನುವ ದರದಲ್ಲಿ. ನೀವು ಕಟ್ಟುವ ಆಸ್ತಿ ತೆರಿಗೆಯ ಜೊತೆಗೇ ನೂರಕ್ಕೆ 6ರಂತೆ ಗ್ರಂಥಾಲಯ ಸೆಸ್ ಅಂತ ಒಂದು ಸೇರಿಕೊಂಡಿರುತ್ತೆ, ರಸೀತಿ ನೋಡಿ. ಅಂದ್ರೆ ನಿಮಗೆ ಗೊತ್ತಿಲ್ಲದೆಯೇ ನೀವೂ ಕವನ ಸಂಕಲನ ಕೊಳ್ಳುತ್ತಲೇ ಇದ್ದೀರಿ. ಒಳ್ಳೆಯ ವ್ಯವಸ್ಥೆಯೇ. ಕನ್ನಡದ ಸಣ್ಣ ಪ್ರಕಾಶಕರು ಉಸಿರಾಡ್ತಾ ಇರೋದು ಅದರಿಂದ. ಆದರೆ ಪುಟದ ಲೆಕ್ಕದಲ್ಲಿ ದುಡ್ಡು ಅಂದಾಗ, ಎಂಟು ಸಾಲಿನ ಕವಿತೆಗೂ ಒಂದು ಪೂರ್ತಿ ಪುಟ, ಎದುರಿಗೊಂದು ರೇಖಾಚಿತ್ರ, ಮುನ್ನುಡಿ, ಬೆನ್ನುಡಿ, ಕವಿಯ ಮಾತು, ಪ್ರಕಾಶಕರ ಮಾತು ಎಲ್ಲ ಸೇರಿಕೊಳ್ಳೋದರಲ್ಲಿ ಆಶ್ಚರ್ಯ ಇಲ್ಲ ಅನ್ನೋದು ನನ್ನ ಗುಮಾನಿ. ಕೆಲವು ಸಂಕಲನಗಳಲ್ಲಿ ಮೊದಲ ಕವಿತೆಗೆ ಬರೋಕೆ ಹದಿನೇಳನೇ ಪುಟದವರೆಗೆ ನಡೀಬೇಕು.

ಇನ್ನೊಂದು ಪಾಲು ಬಿಡುಗಡೆ ಸಮಾರಂಭಕ್ಕೆ. ಬಣ್ಣದ ಕಾಗದ ಬಿಚ್ಚಿ, ಐದು ಜನ ಐದು ಪ್ರತಿ ಎದೆಮಟ್ಟಕ್ಕೆ ಹಿಡಿದು ಫೋಟೋ ತೆಗೆಸಿಕೊಂಡು, ಕೇಸರಿಬಾತು ಮುಗಿಯೋ ಹೊತ್ತಿಗೆ ಐವತ್ತು ಅರವತ್ತು ಖಾಲಿ. ಮೂರನೇ ಪಾಲು ಗೌರವಪ್ರತಿ. 'ಪ್ರೀತಿಯಿಂದ' ಅಂತ ಬರೆದು, ಸಹಿ ಹಾಕಿ, ತಾರೀಖು ಹಾಕಿ, ಕೊರಿಯರ್ ಚಾರ್ಜು ಕೈಯಿಂದ ಹಾಕಿ ಕಳಿಸಿದ್ದು. ಅದು ಮೂರು ವರ್ಷ ಬಿಟ್ಟು ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ, ಆ ಪ್ರೀತಿಯ ಸಹಿತ, ಇಪ್ಪತ್ತು ರೂಪಾಯಿಗೆ ಸಿಗುತ್ತೆ. ಉಳಿದದ್ದು ಮಂಚದ ಕೆಳಗೆ. ಅಂಗಡಿಗೆ ಬರೋದು ಇದೆಲ್ಲ ಆದ ಮೇಲೆ ಮಿಕ್ಕದ್ದು. ಅಪ್ಪಿತಪ್ಪಿ ಯಾರಾದರೂ ಕೇಳಿದರೆ ಇರಲಿ ಅಂತ.

ಆ ದಾರಿಯಲ್ಲಿ ಬಂದವನೊಬ್ಬನ ವಿಷಯ ಹೇಳ್ತೀನಿ. ರಾಯಚೂರು ಕಡೆಯ ಹುಡುಗ, ವೈಟ್‌ಫೀಲ್ಡ್‌ನಲ್ಲಿ ರಾತ್ರಿ ಪಾಳಿ. ಒಂದು ಶನಿವಾರ ಮಧ್ಯಾಹ್ನ ಸ್ಕೂಟರಿನ ಮುಂದೆ ಕಾಲಿಡೋ ಜಾಗದಲ್ಲಿ ರಟ್ಟಿನ ಡಬ್ಬ ಇಟ್ಟುಕೊಂಡು ಬಂದ. 500 ಪ್ರತಿ ಹಾಕಿಸಿದ್ದಾನೆ, ಕೈಯಿಂದ 35 ಸಾವಿರ ಖರ್ಚು. 'ಸರ, ಒಂದ್ ಐವತ್ತು ಇಟ್ಕೋರಿ. ಮಾರಾಟ ಆದ್ಮ್ಯಾಲೆ ದುಡ್ಡು ಕೊಟ್ರ ಸಾಕ್ರಿ' ಅಂದ. ಅವನು ಡಬ್ಬ ಎತ್ತಿಕೊಂಡು ಒಳಗೆ ಬರೋದನ್ನು ನೋಡಿ ನನಗೆ ಗಳಗನಾಥರು ನೆನಪಾದರು. ಕನ್ನಡ ಕಾದಂಬರಿಯ ಮೊದಲ ತಲೆಮಾರಿನ ಆ ಮನುಷ್ಯ ಪುಸ್ತಕದ ಗಂಟು ತಲೆ ಮೇಲೆ ಹೊತ್ತು ಊರೂರು ತಿರುಗಿ ಮಾರಿದವರು. ನೂರು ವರ್ಷ ಆಯ್ತು, ಗಂಟು ತಲೆಯಿಂದ ಸ್ಕೂಟರಿಗೆ ಇಳಿದಿದೆ ಅಷ್ಟೆ.

'ಒಂದು ವಾರ ಟೈಮ್ ಕೊಡಿ, ಓದಿ ಹೇಳ್ತೀನಿ' ಅಂದೆ. ಓದಿದೆ. 52 ಕವಿತೆ ಇದ್ದವು. ಹೆಚ್ಚಿನವುಗಳಲ್ಲಿ ಮೌನ ಇತ್ತು, ನೆನಪು ಇತ್ತು, ಕಡಲು ಇತ್ತು, ಸಾಲಿನ ಕೊನೆಗೆಲ್ಲ ಮೂರು ಮೂರು ಚುಕ್ಕಿ ಇತ್ತು. ರಾಯಚೂರಿನವನಿಗೆ ಅಷ್ಟೊಂದು ಕಡಲು ಎಲ್ಲಿಂದ ಬಂತು? ಫೇಸ್‌ಬುಕ್ಕಿಂದ ಬಂತು. ಆದರೆ ನಡುವೆ ಒಂದು ಏಳೆಂಟು ಕವಿತೆ ಇದ್ದವು, ಅವನ ಊರಿನ ಮಾತಲ್ಲಿ ಬರೆದದ್ದು. ಒಂದು, ಹತ್ತಿ ಬಿಡಿಸೋಕೆ ಹೋಗೋ ಅವ್ವನ ಬೆರಳಿನ ಬಗ್ಗೆ. ಇನ್ನೊಂದು, ರಾತ್ರಿ ಪಾಳಿಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಅಮೆರಿಕದ ಯಾರಿಗೋ ಬೇರೆ ಹೆಸರಿನಿಂದ 'ಗುಡ್ ಮಾರ್ನಿಂಗ್' ಹೇಳುವ ಹುಡುಗನ ಬಗ್ಗೆ. ಅದನ್ನು ಓದಿ ನಾನು ಶಟರ್ ಎಳೆಯೋದು ಮರೆತು ಕೂತಿದ್ದೆ.

ಮುಂದಿನ ಶನಿವಾರ ಬಂದಾಗ ಐದು ಪ್ರತಿ ಇಟ್ಟುಕೊಳ್ತೀನಿ ಅಂದೆ. ಅವನ ಮುಖ ಇಳಿಯಿತು. 'ಉಳದದ್ದ ಏನ್ ಮಾಡ್ಲಿ ಸರ?' ಅಂದ. ಹಂಚಬೇಡ ಅಂದೆ. ಯಾರಿಗೂ ಪುಕ್ಕಟೆ ಕೊಡಬೇಡ. ಈ ಏಳು ಕವಿತೆ ಯಾವ ಬಾಯಲ್ಲಿ ಬಂತೋ ಆ ಬಾಯಲ್ಲೇ ಮುಂದಿನದು ಬರಿ. ಇದನ್ನು ಹೇಳೋಕೆ ನನಗೇನು ಅರ್ಹತೆ ಅಂತ ನೀವು ಕೇಳಬಹುದು. ವಿಮರ್ಶಕನ ಅರ್ಹತೆ ಇಲ್ಲ. ಆದರೆ ಅವನ 500ರಲ್ಲಿ ಒಂದನ್ನಾದರೂ ಗುರುತಿಲ್ಲದವರ ಕೈಗೆ ಕೊಟ್ಟು ದುಡ್ಡು ಇಸ್ಕೊಳ್ಳಬೇಕಾದವನು ನಾನು. ಇಲ್ಲ ಅನ್ನೋದು ಸುಲಭ ಅಂದುಕೊಳ್ಳಬೇಡಿ. ಈಗಂತೂ ತಿಂಗಳಿಗೆ ಇಂಥ ನಾಲ್ಕೈದು ಡಬ್ಬ ವಾಪಸ್ ಕಳಿಸ್ತೀನಿ, ಪ್ರತಿ ಸಲ ಅವತ್ತಿನ ಊಟ ರುಚಿಸೋದಿಲ್ಲ.

ಇನ್ನು ನನಗೆ ದಾರಿ ತೋರಿಸಿದವರ ವಿಷಯ. ಅವರು ಕವಿಗಳಲ್ಲ, ನಿಮ್ಮಂಥ ಗಿರಾಕಿಗಳು.

ಶನಿವಾರ ಭಾನುವಾರ ನನ್ನ ಅಂಗಡಿಗೆ ಬರುವವರಲ್ಲಿ ಅರ್ಧದಷ್ಟು ಮಂದಿ ಇಪ್ಪತ್ತೈದರಿಂದ ಮೂವತ್ತೈದರ ಒಳಗಿನವರು. ಕೊರಳಲ್ಲಿ ಐಡಿ ಕಾರ್ಡಿನ ಗುರುತು, ಬೆನ್ನಿಗೆ ಲ್ಯಾಪ್‌ಟಾಪ್ ಬ್ಯಾಗು. ಮನೆಯಲ್ಲಿ ಕನ್ನಡ, ಸ್ಕೂಲಲ್ಲಿ ಇಂಗ್ಲಿಷು, ಕನ್ನಡ ಸೆಕೆಂಡ್ ಲಾಂಗ್ವೇಜು. ಹತ್ತನೇ ಕ್ಲಾಸಿಗೆ ಕನ್ನಡ ಪುಸ್ತಕ ಮುಚ್ಚಿದವರು ಈಗ ಮತ್ತೆ ತೆಗೆಯೋಣ ಅಂತ ಬಂದಿರ್ತಾರೆ. ಅವರೆಲ್ಲ ಹೇಳುವ ಮಾತು ಒಂದೇ: 'ಸರ್, ನಾನು ಕನ್ನಡ ಓದೋದು ತುಂಬಾ ಸ್ಲೋ. ಈಸಿಯಾಗಿರೋದು ಏನಾದ್ರೂ ಕೊಡಿ.' ಇದನ್ನು ಹೇಳುವಾಗ ಅವರ ಮುಖದಲ್ಲಿ ಒಂದು ನಾಚಿಕೆ ಇರುತ್ತೆ. ಇಂಗ್ಲಿಷಲ್ಲಿ ಒಂದು ದಿನಕ್ಕೆ ನೂರು ಪುಟ ಓದುವವರು ಕನ್ನಡದಲ್ಲಿ ಹತ್ತು ಪುಟಕ್ಕೆ ಸುಸ್ತಾಗ್ತಾರೆ. ಒತ್ತಕ್ಷರ ಬಂದಲ್ಲಿ ಎಡವುತ್ತಾರೆ, ತುಟಿ ಅಲ್ಲಾಡುತ್ತೆ.

ಇಂಥವರಿಗೆ ಎಲ್ಲರೂ ಕೊಡೋದು ಕಾದಂಬರಿ. ನಾನೂ ಕೊಡ್ತೀನಿ. 'ಕರ್ವಾಲೋ' ಕೊಡ್ತೀನಿ, ವಿವೇಕ ಶಾನಭಾಗರ 'ಘಾಚರ್ ಘೋಚರ್' ಕೊಡ್ತೀನಿ. ಇಂಗ್ಲಿಷಿಗೆ ಹೋದಾಗಲೂ ಹೆಸರು ಬದಲಾಗದೆ ಉಳಿದ ಪುಸ್ತಕ ಅದು, ಬೆಂಗಳೂರಿನ ಒಂದು ಮನೆಗೆ ದುಡ್ಡು ಬಂದು ಮನೆಯೇ ಸಿಕ್ಕುಗಟ್ಟಿಕೊಳ್ಳುವ ಕಥೆ. ಸಣ್ಣದು, ಒಂದು ವಾರಾಂತ್ಯದಲ್ಲಿ ಮುಗಿಯುತ್ತೆ. ಆದರೆ ಹುರುಪಿನಲ್ಲಿ ವಸುಧೇಂದ್ರರ 'ತೇಜೋ ತುಂಗಭದ್ರಾ' ಎತ್ತಿಕೊಂಡು ಹೋದವರು ಇದ್ದಾರೆ. 2019ರಲ್ಲಿ ಬಂದ ಈ ದಪ್ಪ ಕಾದಂಬರಿ ಲಿಸ್ಬನ್ನಿಂದ ಹೊರಟು ಗೋವಾ ಮುಟ್ಟಿ ವಿಜಯನಗರಕ್ಕೆ ಬರುತ್ತೆ. ಅದನ್ನು ಎರಡು ರಾತ್ರಿಯಲ್ಲಿ ಮುಗಿಸಿದವರನ್ನು ಬಲ್ಲೆ. ಆರು ತಿಂಗಳಾದರೂ ಹಡಗು ಹತ್ತದೆ ಲಿಸ್ಬನ್ನಿನಲ್ಲೇ ಉಳಿದವರನ್ನೂ ಬಲ್ಲೆ. ಉಳಿದವರು ಅಂಗಡಿಯ ಕಡೆ ಮತ್ತೆ ಬರೋದಿಲ್ಲ, ರಸ್ತೆಯಲ್ಲಿ ಸಿಕ್ಕರೂ ತಪ್ಪಿಸಿಕೊಂಡು ಹೋಗ್ತಾರೆ, ಸಾಲ ಇಟ್ಟುಕೊಂಡವರ ಹಾಗೆ. ಪುಸ್ತಕದ ತಪ್ಪೇನಿಲ್ಲ, ಅವರದ್ದೂ ಇಲ್ಲ. ಅದು ವೇಗದ ವಿಷಯ.

ಒಂದು ದಿನ ಒಬ್ಬ ಹುಡುಗಿ ಬಂದಳು. ಸಿಲ್ಕ್ ಬೋರ್ಡ್ ಹತ್ತಿರ ಯಾವುದೋ ಕಂಪನಿ, ಅಪ್ಪ ಅಮ್ಮ ತಿಪಟೂರಿನವರು. ರ್ಯಾಕಿನಿಂದ 'ಜೀರೋ ಬ್ಯಾಲೆನ್ಸ್' ಅನ್ನುವ ಪುಸ್ತಕ ತೆಗೆದು 'ಅಂಕಲ್, ಇದು ಪರ್ಸನಲ್ ಫೈನಾನ್ಸಾ?' ಅಂತ ಕೇಳಿದಳು. ಅಲ್ಲಮ್ಮ, ಕವಿತೆ ಅಂದೆ. ಶ್ರುತಿ ಬಿ.ಆರ್. ಅವರದು, ಕೇಂದ್ರ ಸಾಹಿತ್ಯ ಅಕಾಡೆಮಿಯ ಯುವ ಪುರಸ್ಕಾರ 2024ರಲ್ಲಿ ಬಂದದ್ದು ಅದಕ್ಕೇ. ಅವಳು ವಾಪಸ್ ಇಡಲಿಲ್ಲ. ನಿಂತಲ್ಲೇ ಒಂದು ಪುಟ ಓದಿದಳು. ತುಟಿ ಅಲ್ಲಾಡ್ತಾ ಇತ್ತು. ಒಂದು ಸಾಲಿನ ಕೊನೆಗೆ ನಿಂತಳು, ಹಿಂದಕ್ಕೆ ಹೋದಳು, ಮತ್ತೆ ಮುಂದಕ್ಕೆ ಬಂದಳು. ಒಂದು ಪುಟಕ್ಕೆ ನಾಲ್ಕು ನಿಮಿಷ ತಗೊಂಡಳು. ಎಡವುತ್ತಾ, ನಿಲ್ಲುತ್ತಾ, ಹಿಂದೆ ಹೋಗಿ ಮುಂದೆ ಬಂದು.

ಅಲ್ರೀ, ಕವಿತೆ ಓದೋದೇ ಹಾಗಲ್ವಾ?

ನಾನು, ನೀವು, ಸರಾಗವಾಗಿ ಕನ್ನಡ ಓದಬಲ್ಲವರೆಲ್ಲ ಕವಿತೆಯನ್ನು ಪೇಪರಿನ ಹಾಗೆ ಓದಿಬಿಡ್ತೀವಿ. ಕಣ್ಣು ಓಡುತ್ತೆ, ಅರ್ಥ ಹಿಡಿದುಕೊಂಡು ಮುಂದಿನ ಪುಟಕ್ಕೆ ಹಾರುತ್ತೆ. ಒಂದು ಸಂಕಲನ ಮುಕ್ಕಾಲು ಗಂಟೆಯಲ್ಲಿ ಮುಗಿಸಿ 'ಪರವಾಗಿಲ್ಲ' ಅಂತೀವಿ. ಈ ಹುಡುಗಿಗೆ ಓಡೋದಕ್ಕೆ ಆಗೋದೇ ಇಲ್ಲ. ಅವಳು ಪ್ರತಿ ಅಕ್ಷರವನ್ನು ಕೈಹಿಡಿದು ದಾಟಿಸಬೇಕು. ಕಾದಂಬರಿಗೆ ಅದು ಹೊರೆ. ಕವಿತೆಗೆ ಬೇಕಾದದ್ದೇ ಅದು. ಇಷ್ಟು ದಿನ ಅಂಗಡಿಯಲ್ಲಿ ನಾಚಿಕೆಯಿಂದ 'ನಾನು ಸ್ಲೋ' ಅಂತಿದ್ದವರು ಇದ್ದಾರಲ್ಲ, ಅವರೇ ನನ್ನ ಕವಿತೆಯ ಗಿರಾಕಿಗಳು ಅಂತ ಅವತ್ತು ಹೊಳೀತು. ಅವಳು ಪುಸ್ತಕ ತಗೊಂಡಳು. ಮೆಟ್ರೋದಲ್ಲಿ ಎರಡು ಸ್ಟೇಷನ್ನಿಗೆ ಒಂದು ಕವಿತೆ ಆಗುತ್ತಂತೆ.

ತುಟಿ ಅಲ್ಲಾಡಿಸೋದಕ್ಕೂ ನಾಚಿಕೆ ಬೇಕಿಲ್ಲ. ಕನ್ನಡದಲ್ಲಿ ಕಾವ್ಯ ಯಾವತ್ತು ಬಾಯಿ ಮುಚ್ಚಿಕೊಂಡು ಓದುವ ವಸ್ತುವಾಗಿತ್ತು ಹೇಳಿ? ಕುಮಾರವ್ಯಾಸನನ್ನು ಗಮಕಿಗಳು ವಾಚನ ಮಾಡುತ್ತಿದ್ದರು, ಪಕ್ಕದಲ್ಲಿ ಒಬ್ಬರು ಅರ್ಥ ಹೇಳುತ್ತಿದ್ದರು, ಅಕ್ಷರ ಬಾರದವರೂ ಕೂತು ಕೇಳುತ್ತಿದ್ದರು. ವಚನಗಳನ್ನು ಹಾಡಿದೆವು, ತತ್ವಪದ ಹಾಡಿದೆವು. ಕೆ.ಎಸ್. ನರಸಿಂಹಸ್ವಾಮಿಯವರ 'ಮೈಸೂರ ಮಲ್ಲಿಗೆ' 1942ರದು. ಅದು ಮನೆಮನೆಗೆ ಹೋದದ್ದು ಹಾಡಾಗಿ. 1978ರಲ್ಲಿ ನಿಸಾರ್ ಅಹಮದರ 'ನಿತ್ಯೋತ್ಸವ' ಕ್ಯಾಸೆಟ್ಟಾಗಿ ಬಂತು, ಕನ್ನಡದ ಮೊದಲ ಭಾವಗೀತೆಯ ಧ್ವನಿಸುರುಳಿ. ಕವಿತೆ ಮಾರಾಟವಾಗೋಲ್ಲ ಅನ್ನುವ ಮಾತನ್ನು ಆ ಕ್ಯಾಸೆಟ್ ಅಂಗಡಿಯವರ ಹತ್ತಿರ ಹೇಳಿದ್ದರೆ ನಕ್ಕುಬಿಡ್ತಿದ್ದರು.

ಆದರೆ ಈಗಿನ ಕವಿತೆ ಹಾಡಿಗೆ ಒಗ್ಗೋದಿಲ್ಲ. ಅಡಿಗರ ಕಾಲದಲ್ಲೇ ಕವಿತೆ ಹಾಡಿನ ಕೈಬಿಟ್ಟು ಮಾತಿನ ಕೈಹಿಡಿಯಿತು. 1970ರಲ್ಲಿ ಲಂಕೇಶರು ಸಂಪಾದಿಸಿದ 'ಅಕ್ಷರ ಹೊಸ ಕಾವ್ಯ' ಬಂದ ಹೊತ್ತಿಗೆ ಅದು ಗಟ್ಟಿಯಾಗಿತ್ತು. ಈಗಿನವರು ಇನ್ನೂ ಒಂದು ಹೆಜ್ಜೆ ಮುಂದೆ ಬಂದಿದ್ದಾರೆ. ಪುಸ್ತಕದ ಬೆನ್ನು ಮಾತ್ರ ನೋಡಿಕೊಂಡು ಹದಿನಾಲ್ಕು ವರ್ಷ ಕಳೆದವನು ನಾನು, ಬೆನ್ನಿನ ಮೇಲಿನ ಹೆಸರುಗಳ ಬಗ್ಗೆ ಒಂದು ಮಾತು ಹೇಳ್ತೀನಿ. ಯುವ ಪುರಸ್ಕಾರ ಶುರುವಾದದ್ದು 2011ರಲ್ಲಿ, 35ರ ಒಳಗಿನವರಿಗೆ. ಕನ್ನಡದಲ್ಲಿ ಮೊದಲ ನಾಲ್ಕು ವರ್ಷ ಅದು ಹೋದದ್ದು ಕವಿತೆಗೇ: ವೀರಣ್ಣ ಮಡಿವಾಳರ, ಆರಿಫ್ ರಾಜಾ, ಲಕ್ಕೂರು ಆನಂದ, ಕಾವ್ಯಾ ಕಡಮೆ. ಆಮೇಲೆ ಹೆಚ್ಚಿನ ವರ್ಷ ಕಥೆಗಾರರ ಪಾಲು. ಈಗ ಈ ಹೆಸರುಗಳನ್ನು ನೋಡಿ. ಲಕ್ಕೂರರ ಪುಸ್ತಕ 'ಬಟವಾಡೆಯಾಗದ ರಸೀತಿ'. ಕಾವ್ಯಾ ಅವರದು 'ಧ್ಯಾನಕೆ ತಾರೀಖಿನ ಹಂಗಿಲ್ಲ'. ಶ್ರುತಿ ಅವರದು 'ಜೀರೋ ಬ್ಯಾಲೆನ್ಸ್'. ರಸೀತಿ, ತಾರೀಖು, ಬ್ಯಾಲೆನ್ಸು. ಮಲ್ಲಿಗೆ, ತಂತಿ, ಗೀತ ಇದ್ದ ಜಾಗಕ್ಕೆ ಬ್ಯಾಂಕಿನ ಕೌಂಟರು ಬಂದು ಕೂತಿದೆ. ಕೆಲವರಿಗೆ ಇದು ಬೇಜಾರು. ನನಗೆ ಖುಷಿ. ತಿಂಗಳ ಕೊನೆಯ ವಾರ ಫೋನಿನಲ್ಲಿ ಬ್ಯಾಲೆನ್ಸ್ ನೋಡಿಕೊಳ್ಳುವ ಜನ ನಾವು. ನಮ್ಮ ಕವಿತೆ ಅದನ್ನು ನೋಡಿಯೂ ನೋಡದ ಹಾಗೆ ಹುಣ್ಣಿಮೆಯ ವಿಷಯ ಮಾತಾಡಿದರೆ ಅದಕ್ಕೂ ನಮಗೂ ಏನು ಸಂಬಂಧ?

ಒಳ್ಳೆಯ ಹೊಸ ಕವಿತೆಯನ್ನು ನಾನು ಗುರುತಿಸೋದು ಹೀಗೆ. ಅದರಲ್ಲಿ ಒಂದಾದರೂ ವಸ್ತು ಇರಬೇಕು. ಮುಟ್ಟೋಕಾಗುವಂಥದ್ದು. ಕುಕ್ಕರ್ ಗ್ಯಾಸ್ಕೆಟ್ಟು, ಬಸ್ ಪಾಸು, ಅತ್ತೆಯ ಕನ್ನಡಕ, ಯಾವುದಾದರೂ ಸರಿ. ಕೊನೆಯ ಸಾಲು ಇಡೀ ಕವಿತೆಯ ಅರ್ಥವನ್ನು ಬಿಡಿಸಿ ಹೇಳಬಾರದು. ಹೇಳಿದರೆ ಕವಿಗೆ ನನ್ನ ಮೇಲೆ ನಂಬಿಕೆ ಇಲ್ಲ ಅಂತ. ಮೂರನೆಯದು, ಅದನ್ನು ಜೋರಾಗಿ ಓದಿದರೆ ಯಾವುದಾದರೂ ಒಂದು ಊರಿನ ಬಾಯಿ ಕೇಳಬೇಕು. ಕೋಲಾರವೋ, ಕುಂದಾಪುರವೋ, ಬೀದರೋ, ಅಥವಾ ನಮ್ಮ ಕಲಬೆರಕೆ ಬೆಂಗಳೂರೋ. ಎಲ್ಲೂ ಸಲ್ಲದ ಗ್ರಂಥಸ್ಥ ಕನ್ನಡದಲ್ಲಿ ಕವಿತೆ ಬರೆದರೆ ನಿಧಾನಕ್ಕೆ ಓದುವವರು ಮೊದಲು ಸಿಕ್ಕಿಹಾಕಿಕೊಳ್ಳೋದು ಅಲ್ಲೇ. ಅವರಿಗೆ ಮನೆಯ ಮಾತು ಗೊತ್ತು, ಪಠ್ಯದ ಮಾತು ಮರೆತಿದೆ.

ಕವಿತೆಯಲ್ಲದ ಪುಸ್ತಕದಲ್ಲೂ ಇದು ನಿಜ ಅಂತ ಕಂಡದ್ದು 2025ರಲ್ಲಿ. ಆ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಅನುವಾದ 'ಹಾರ್ಟ್ ಲ್ಯಾಂಪ್'ಗೆ ಇಂಟರ್‌ನ್ಯಾಷನಲ್ ಬೂಕರ್ ಬಂತು. ಕನ್ನಡಕ್ಕೆ ಅದೇ ಮೊದಲು, ಸಣ್ಣಕಥೆಗಳ ಸಂಕಲನಕ್ಕೂ ಅದೇ ಮೊದಲು. 50 ಸಾವಿರ ಪೌಂಡ್ ಬಹುಮಾನ, ಲೇಖಕಿಗೂ ಅನುವಾದಕಿ ದೀಪಾ ಭಾಸ್ತಿಗೂ ಸಮಪಾಲು. ಮಾರನೇ ಬೆಳಿಗ್ಗೆಯಿಂದ ಅಂಗಡಿಗೆ ಫೋನೋ ಫೋನು. 'ಸರ್, ಹಾರ್ಟ್ ಲ್ಯಾಂಪ್ ಕನ್ನಡದಲ್ಲಿ ಬಂದಿದೆಯಾ?' ಅಂತ ಕೇಳಿದವರು ಎಷ್ಟು ಜನ! ಕನ್ನಡದಿಂದಲೇ ಬಂದಿದೆ ಸ್ವಾಮಿ ಅಂತ ಹೇಳಿ ಹೇಳಿ ನನಗೇ ಮಜಾ ಆಗೋಕೆ ಶುರುವಾಯ್ತು. 1990ರಿಂದ 2023ರವರೆಗೆ ಬರೆದ ಕಥೆಗಳಲ್ಲಿ ಹನ್ನೆರಡನ್ನು ಆರಿಸಿ ಮಾಡಿದ ಪುಸ್ತಕ ಅದು. ಮೂವತ್ತು ವರ್ಷದಿಂದ ಅವರು ಬರೆಯುತ್ತಲೇ ಇದ್ದರು, ಕಥೆಗಳು ಇಲ್ಲೇ ಇದ್ದವು.

ಇಂಗ್ಲಿಷ್ ಪುಸ್ತಕ ಓದಿ ಮುಗಿಸಿ, ಆಮೇಲೆ ಕನ್ನಡದ ಕಥೆಗಳನ್ನು ತಗೊಂಡು ಹೋದ ಕೆಲವರು ಮತ್ತೆ ಬಂದು ಹೇಳಿದ್ದು ಒಂದೇ. ಇಂಗ್ಲಿಷಲ್ಲಿ ಕಥೆ ಗೊತ್ತಾಯ್ತು, ಕನ್ನಡದಲ್ಲಿ ಆ ಹೆಂಗಸರು ಮಾತಾಡಿದ್ದು ಕೇಳಿಸ್ತು. ಭಾಸ್ತಿಯವರು ಕನ್ನಡ, ಉರ್ದು ಪದಗಳನ್ನು ಅಡಿಟಿಪ್ಪಣಿ ಇಲ್ಲದೆ, ಓರೆ ಅಕ್ಷರ ಮಾಡದೆ ಹಾಗೇ ಬಿಟ್ಟಿದ್ದಾರೆ. ಬೇಕಂತಲೇ. ಇಂಗ್ಲಿಷ್ ಓದುವವರೂ ಅಲ್ಲಲ್ಲಿ ಎಡವಲಿ ಅಂತ. ನಿಧಾನ ಮಾಡಿಸೋಕೆ ಅದೂ ಒಂದು ಉಪಾಯ. ಅಂದಹಾಗೆ ಬಾನು ಅವರ ಒಂದು ಕವನ ಸಂಕಲನವೂ ಇದೆ. ಬೂಕರ್ ಬಂದ ಆ ಗದ್ದಲದಲ್ಲೂ ಅದನ್ನು ನನ್ನ ಹತ್ತಿರ ಕೇಳಿದವರು ಒಬ್ಬರೂ ಇಲ್ಲ. ಬೂಕರ್ ಬಂದವರ ಕವಿತೆಗೇ ಈ ಗತಿ.

ಅದಕ್ಕೇ ರ್ಯಾಕು ತೆಗೆಯಲಿಲ್ಲ, ಆದರೆ ಅದರ ಕಾನೂನು ಬದಲಾಯಿಸಿದೆ. ಮೊದಲು ಅಲ್ಲಿ 140 ಪುಸ್ತಕ ಬೆನ್ನು ತೋರಿಸಿಕೊಂಡು ಒತ್ತೊತ್ತಾಗಿ ನಿಂತಿದ್ದವು, ಪೀಕ್ ಅವರ್ ಬಸ್ಸಿನ ಹಾಗೆ. ಈಗ 40 ಮಾತ್ರ. ಎಲ್ಲವೂ ಮುಖ ತೋರಿಸಿ ನಿಂತಿವೆ. ನಾನು ಪೂರ್ತಿ ಓದದ ಪುಸ್ತಕ ಅಲ್ಲಿಗೆ ಬರೋದಿಲ್ಲ, ಬರೆದವರು ಎಷ್ಟೇ ದೊಡ್ಡವರಾಗಿರಲಿ. ಪ್ರತಿಯೊಂದರಲ್ಲೂ ಒಂದು ಪುಟಕ್ಕೆ ಕಾಗದದ ಚೀಟಿ ಇಟ್ಟಿದ್ದೀನಿ. ಯಾರಾದರೂ ಕೈಗೆತ್ತಿಕೊಂಡರೆ ಪುಸ್ತಕ ಅಲ್ಲೇ ತೆರೆದುಕೊಳ್ಳುತ್ತೆ. ಮುನ್ನುಡಿ, ಬೆನ್ನುಡಿಗಳ ಹದಿನೇಳು ಪುಟ ದಾಟಿ ಸೀದಾ ಕವಿತೆಗೆ. ಪಕ್ಕದಲ್ಲಿ ಒಂದು ಸ್ಟೂಲ್ ಹಾಕಿದ್ದೀನಿ. ನಿಂತು ಓದಬಹುದು, ಕೂತು ಓದಬಹುದು, ತುಟಿ ಅಲ್ಲಾಡಿಸಬಹುದು. ಒಂದೇ ಒಂದು ಮನವಿ: ಫೋಟೋ ಹೊಡೆದುಕೊಂಡು ಸ್ಟೇಟಸ್ಸಿಗೆ ಹಾಕಿ ಪುಸ್ತಕ ವಾಪಸ್ ಇಡಬೇಡಿ. ಆ ಒಂದು ಫೋಟೋಗೆ ನೂರು ಲೈಕು ಬರುತ್ತೆ, ಕವಿಗೆ ನೂರು ಪೈಸೆಯೂ ಬರೋದಿಲ್ಲ.

ನೀವು ಕವಿಯಾಗಿದ್ದರೆ ಇನ್ನೊಂದು ಮಾತು. ಗೌರವಪ್ರತಿ ಕೊಡೋದನ್ನು ನಿಲ್ಲಿಸಿ. ಪುಕ್ಕಟೆ ಬಂದ ಪುಸ್ತಕವನ್ನು ಓದಬೇಕಾದ ದರ್ದು ಯಾರಿಗೂ ಇರೋದಿಲ್ಲ, ನನಗೂ ಇಲ್ಲ. 120 ರೂಪಾಯಿ ಕೊಟ್ಟವನು, ಕೊಟ್ಟ ತಪ್ಪಿಗಾದರೂ ಎರಡು ಕವಿತೆ ಓದ್ತಾನೆ. ನೀವು ಗಿರಾಕಿಯಾಗಿದ್ದರೆ, ಒಂದು ಮಸಾಲೆದೋಸೆ, ಒಂದು ಕಾಫಿಯ ಬೆಲೆ ಅದು. ದೋಸೆ ಬಿಡಿ ಅಂತ ನಾನು ಹೇಳೋದಿಲ್ಲ, ಬಸವನಗುಡಿಯಲ್ಲಿ ಕೂತು ಅಂಥ ಮಾತಾಡಬಾರದು. ದೋಸೆ ತಿಂದು ಬನ್ನಿ.

ಈಗ ಆ ಮೂರನೇ ಪ್ರಶ್ನೆಗೆ ಉತ್ತರ. ಕಳೆದ ತಿಂಗಳು 31 ಹೋದವು. ನಲವತ್ತಕ್ಕೆ ಇನ್ನೂ ಒಂಬತ್ತು ಬಾಕಿ, ಅದನ್ನು ಈಗಲೂ ಕರ್ವಾಲೋ ಕಟ್ಟುತ್ತಿದ್ದಾರೆ. ನನ್ನ ಗೆಳೆಯ ಈಗಲೂ ಮಗ್ಗಿನ ವಿಷಯ ಬಿಟ್ಟಿಲ್ಲ. ಮುಂದಿನ ವರ್ಷ ಅಗ್ರಿಮೆಂಟ್ ಮುಗಿಯುತ್ತೆ, ಬಾಡಿಗೆ ಏರುತ್ತೆ, ಆಗ ನಲವತ್ತು ಅನ್ನೋದು ನಲವತ್ತನಾಲ್ಕು ಆಗುತ್ತೆ. ಆವಾಗ ನೋಡೋಣ.

ಮೊನ್ನೆ ಆ ರಾಯಚೂರಿನ ಹುಡುಗ ಲೆಕ್ಕಕ್ಕೆ ಬಂದಿದ್ದ. ಐದರಲ್ಲಿ ನಾಲ್ಕು ಹೋಗಿದ್ದವು. ಪ್ರತಿಗೆ 78ರ ಹಾಗೆ 312 ರೂಪಾಯಿ ಎಣಿಸಿ ಕೊಟ್ಟೆ. ಅವನು ದುಡ್ಡು ಜೇಬಿಗಿಟ್ಟುಕೊಳ್ಳದೆ ಕೈಯಲ್ಲೇ ಹಿಡಿದುಕೊಂಡು, 'ಯಾರ್ ತಗೊಂಡ್ರು ಸರ?' ಅಂತ ಕೇಳಿದ. ಅವನು ಹಂಚಿದ ಪ್ರತಿಗಳೆಲ್ಲ ಯಾರ ಮನೆಯಲ್ಲಿವೆ ಅಂತ ಅವನಿಗೆ ಗೊತ್ತು. ಈ ನಾಲ್ಕು ಮಾತ್ರ ಗೊತ್ತಿಲ್ಲ. ನನಗೂ ಗೊತ್ತಿಲ್ಲಪ್ಪ ಅಂದೆ. ಒಬ್ಬರು ಮಾತ್ರ ನೆನಪಿದ್ದಾರೆ, ಸ್ವಲ್ಪ ವಯಸ್ಸಾದ ಹೆಂಗಸು, ಆ ಹತ್ತಿ ಬಿಡಿಸೋ ಕವಿತೆಯ ಪುಟದಲ್ಲೇ ಬೆರಳಿಟ್ಟುಕೊಂಡು ಬಿಲ್ಲು ಮಾಡಿಸಿ, ಬಸ್ಸು ಹೋಗುತ್ತೆ ಅಂತ ಚಿಲ್ಲರೆ ಇಸ್ಕೊಳ್ಳದೆ ಓಡಿದರು ಅಂದೆ. ಅವನು ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದ. ಆಮೇಲೆ ಸ್ಕೂಟರಿನ ಡಿಕ್ಕಿಯಿಂದ ಇನ್ನೈದು ಪ್ರತಿ ತಂದು ಕೌಂಟರಿನ ಮೇಲಿಟ್ಟು ಹೋದ.